ಅಕ್ಕನ ಘಟಿಕೋತ್ಸವ

ಪರರ ರಜೆಯ ಅರ್ಜಿಗಳನ್ನು ಪರಿಶೀಲಿಸಿ, ನಿಯಮಾವಳಿಯ ಯಾವ ಕಲಮಿನನ್ವಯ ಕೊಡಬಹುದು, ಯಾವುದರನ್ವಯ ಕೊಡಬಾರದು ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುವುದು ಕಚೇರಿಯಲ್ಲಿ ನನ್ನ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡುತ್ತ ಬಂದ ಮೇಲೆ, 2024ರ ಮಾರ್ಚಿಯಲ್ಲಿ, ನನ್ನದೇ ಒಂದು ಅರ್ಜಿ ನನ್ನ ಮೇಜಿನ ಮೇಲೆ ಬಂದು ಕುಳಿತಿತು. ವಿದೇಶ ಪ್ರಯಾಣಕ್ಕೆ ಅಪ್ಪಣೆ ಬೇಡುವ ಅರ್ಜಿ. ‘ಪ್ರಯಾಣದ ಉದ್ದೇಶ’ ಎಂಬ ಅಂಕಣದಲ್ಲಿ ‘ಸಹೋದರಿಯ ಘಟಿಕೋತ್ಸವಕ್ಕೆ ಹಾಜರಾಗುವುದು’ ಎಂದು ಬರೆದಿದ್ದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, ‘ತಂಗಿಯೋ?’ ಎಂದರು. ‘ಅಲ್ಲ ಸಾಹೇಬರೇ, ಅಕ್ಕ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು’ ಎಂದೆ. ಅವರು ಇನ್ನೊಮ್ಮೆ ಅರ್ಜಿಯನ್ನು ನೋಡಿದರು. ನನ್ನ ವಯಸ್ಸಿಗೆ ಏಳನ್ನು ಮನಸ್ಸಿನಲ್ಲೇ ಕೂಡಿಸಿದರೆಂದು ತೋರುತ್ತದೆ. ಏನೂ ಹೇಳದೆ ರುಜು ಹಾಕಿದರು.

ಅಕ್ಕ ಇರುವುದು ಅಮೆರಿಕದ ನ್ಯೂಜರ್ಸಿ ಸಂಸ್ಥಾನದಲ್ಲಿ, ಎಡಿಸನ್ ಎಂಬ ಊರಿನ ಸಮೀಪ. ವಿದ್ಯುದ್ದೀಪದ ಎಡಿಸನ್ನರ ಪ್ರಯೋಗಶಾಲೆ ಅಲ್ಲಿದ್ದುದರಿಂದ 1954ರಲ್ಲಿ ಊರಿಗೆ ಅವರ ಹೆಸರನ್ನೇ ಇಟ್ಟರು. ಆ ಮಹಾಶಯರು ಶಾಲೆಯಲ್ಲಿ ಕುಳಿತದ್ದು ಕೆಲವೇ ತಿಂಗಳು ಎಂಬುದನ್ನು ಅಕ್ಕ ಬಹಳ ಸಮಾಧಾನದಿಂದ ಹೇಳುತ್ತಿರುತ್ತಾಳೆ. ಭಾವ ಅಲ್ಲಿ ಇಡ್ಲಿ ದೋಸೆಯ ಹೋಟೆಲೊಂದರಲ್ಲಿ ಅಡಿಗೆಯವರು. ಅಕ್ಕ ಶಿಶುವಿಹಾರವೊಂದರಲ್ಲಿ ಸಹಾಯಕಿ. ಅಮೆರಿಕದಲ್ಲಿರುವ ಕನ್ನಡಿಗರೆಲ್ಲ ಕಂಪ್ಯೂಟರಿನವರೇ ಎಂದು ತಿಳಿದಿರುವ ವಾಚಕರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಹೋಟೆಲಿನ ಹಿಂಬದಿಯ ಒಲೆಯೆದುರು ನಿಂತವರೂ ಅಲ್ಲಿದ್ದಾರೆ, ನಮ್ಮ ಮುಂಬಯಿಯಲ್ಲಿ ಇದ್ದಂತೆಯೇ.

2023ರ ಜನವರಿಯಲ್ಲಿ ಒಂದು ರಾತ್ರಿ ಅವಳ ಫೋನು ಬಂತು. ‘ಬರುವ ವರ್ಷ ಮೇ ತಿಂಗಳಿಗೆ ನನ್ನ ಕಾಲೇಜು ಮುಗಿಯುತ್ತೆ. ನೀನು ಬರಬೇಕು. ವೀಸಾಕ್ಕೆ ಈಗಲೇ ಹಾಕು. ಟಿಕೆಟ್ಟು ನನ್ನದು.’

ನಾನು ಬಿ.ಎ. ಪದವೀಧರ. ಪದವೀಧರನಾದವನಿಗೆ ಒಂದು ಚಟವಿರುತ್ತದೆ. ಇನ್ನೊಬ್ಬರ ಪದವಿಯನ್ನು ಅಳೆದು ನೋಡುವ ಚಟ. ‘ಅದು ನಮ್ಮ ಹನ್ನೆರಡನೆಯ ಇಯತ್ತೆಗೆ ಮೇಲೆ, ಬಿ.ಎ.ಗೆ ಕೆಳಗೆ ಅಲ್ಲವೇ ಅಕ್ಕಾ? ಅರ್ಧ ಡಿಗ್ರಿ. ಅದಕ್ಕೆ ಇಷ್ಟು ಸಂಭ್ರಮವೇ?’ ಎಂದು ನಗುತ್ತ ಕೇಳಿಬಿಟ್ಟೆ. ತಮಾಷೆಗೇ ಕೇಳಿದ್ದು. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವಿಲ್ಲ. ಆಮೇಲೆ, ‘ಅರ್ಧವೇ ಸೈ ಮಾರಾಯ. ಬರ್ತೀಯೋ ಇಲ್ಲವೋ, ಅದು ಹೇಳು’ ಎಂದಳು.

ಈ ಮಾತಿನ ತೂಕ ವಾಚಕರಿಗೆ ತಿಳಿಯಬೇಕಾದರೆ ನಮ್ಮ ಮನೆಯ ಹಳೆಯ ಸಂಗತಿಯನ್ನು ಕೊಂಚ ಹೇಳಬೇಕಾಗುತ್ತದೆ.

ಅಪ್ಪ ಕುಂದಾಪುರದ ಕಡೆಯವರು. 1968ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಕೈಹಿಡಿದು ಮುಂಬಯಿಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಮೇಜು ಒರೆಸಲು ನಿಂತರು. ಆ ಕಾಲದಲ್ಲಿ ಈ ನಗರದ ಕನ್ನಡ ರಾತ್ರಿಶಾಲೆಗಳಿಲ್ಲದಿದ್ದರೆ ನಮ್ಮ ಜನ ಎಲ್ಲಿರುತ್ತಿದ್ದರೋ ದೇವರೇ ಬಲ್ಲ. ಮೊಗವೀರ ಸಮಾಜದವರು 1908ರಷ್ಟು ಹಿಂದೆಯೇ ಉಚಿತ ರಾತ್ರಿಶಾಲೆಯನ್ನು ತೆರೆದಿದ್ದರು. ಆಮೇಲೆ ಅಂಥವು ಹಲವು ಬಂದವು. ಹಗಲೆಲ್ಲ ಲೋಟ ತೊಳೆದ ಹುಡುಗರು ಸಂಜೆ ಕೈಯೊರೆಸಿಕೊಂಡು ಹೋಗಿ ಬೀಜಗಣಿತ ಮಾಡುತ್ತಿದ್ದ ಶಾಲೆಗಳು ಅವು. ಅಪ್ಪ ಅಂಥದೊಂದರಲ್ಲಿ ಓದಿ 1974ರಲ್ಲಿ ಎಸ್.ಎಸ್.ಸಿ. ಪಾಸಾದರು. ಆ ದಿನ ಏನು ಮಾಡಿದಿರಿ ಎಂದು ಚಿಕ್ಕಂದಿನಲ್ಲಿ ನಾವು ಕೇಳಿದ್ದುಂಟು. ‘ಏನು ಮಾಡೋದು? ಪೇಪರಿನಲ್ಲಿ ನಂಬರು ನೋಡಿದೆ. ಆಮೇಲೆ ಸಂಜೆಯ ಪಾಳಿಗೆ ಹೋದೆ’ ಎನ್ನುತ್ತಿದ್ದರು.

ಅಕ್ಕ ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ ಹತ್ತನೆಯ ಇಯತ್ತೆಯನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿ ಜೂನಿಯರ್ ಕಾಲೇಜು ಸೇರಿದ್ದಳು. ಒಂದು ವರ್ಷ ಕಳೆದಿತ್ತು. ಅಷ್ಟರಲ್ಲಿ, 1998ರಲ್ಲಿ, ಅಪ್ಪ ಹಾಸಿಗೆ ಹಿಡಿದರು. ಗುಣವಾಗಿ ಎದ್ದರು ನಿಜ, ಆದರೆ ಮೊದಲಿನಂತೆ ಹನ್ನೆರಡು ಗಂಟೆ ನಿಲ್ಲುವ ಶಕ್ತಿ ಬರಲಿಲ್ಲ. ಅಕ್ಕ ಕಾಲೇಜು ಬಿಟ್ಟು ನೆರಳಚ್ಚಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಸಂಜೆ ಚಾಳಿನ ಮಕ್ಕಳಿಗೆ ಪಾಠ ಹೇಳಿದಳು. ಬಿಡು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ನನಗಾಗ ಹತ್ತು ವರ್ಷ. ಆ ಅಂಗಡಿಯ ಸಂಬಳದಲ್ಲಿ ನನ್ನ ಶಾಲೆ ನಡೆಯಿತು, ಕಾಲೇಜು ನಡೆಯಿತು. 2009ರಲ್ಲಿ ನಾನು ಬಿ.ಎ. ಆದಾಗ ನನ್ನ ಘಟಿಕೋತ್ಸವಕ್ಕೆ ನಾನು ಹೋಗಲಿಲ್ಲ. ಅಂದು ಯಾವುದೋ ನೌಕರಿಯ ಪರೀಕ್ಷೆ ಇತ್ತು. ಆಮೇಲೆ ಅಧಿಕಾರಪತ್ರ ಬರೆಸಿಕೊಂಡು, ಸರದಿಯಲ್ಲಿ ನಿಂತು ನನ್ನ ಸರ್ಟಿಫಿಕೇಟನ್ನು ತಂದವಳು ಅಕ್ಕ. ತಂದವಳೇ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸಿ ಅಮ್ಮನ ಪೆಟ್ಟಿಗೆಯಲ್ಲಿ ಇಟ್ಟಳು. ಮರುವರ್ಷ ಅವಳ ಮದುವೆಯಾಯಿತು.

ಇಂಥವಳಿಗೆ ನಾನು ‘ಅರ್ಧ ಡಿಗ್ರಿ’ ಎಂದದ್ದು.

ಇನ್ನು ಈ ಸಮುದಾಯ ಕಾಲೇಜು ಎಂಬುದೇನು ಎಂದು ಹೇಳಬೇಕು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇದು ಹುಟ್ಟಿತು. ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಬ್ರೌನ್, ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ಹಾರ್ಪರ್, ಇವರಿಬ್ಬರ ಆಲೋಚನೆ ಅದು. ಊರು ಬಿಟ್ಟು ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾರದ ಮಕ್ಕಳಿಗೆ ಪದವಿಯ ಮೊದಲೆರಡು ವರ್ಷದ ಪಾಠವನ್ನು ಊರಿನಲ್ಲೇ ಹೇಳಿಕೊಟ್ಟರೆ ಹೇಗೆ? ಆರು ಜನ ವಿದ್ಯಾರ್ಥಿಗಳಿಂದ ಆರಂಭವಾಯಿತು. ಮೊದಮೊದಲು ಇವಕ್ಕೆ ‘ಜೂನಿಯರ್ ಕಾಲೇಜು’ ಎಂದೇ ಹೆಸರಿತ್ತು. ಎರಡನೆಯ ಮಹಾಯುದ್ಧ ಮುಗಿದು ಸಿಪಾಯಿಗಳು ಮನೆಗೆ ಬಂದರು. 1944ರ ಕಾನೂನಿನಂತೆ ಅವರ ಓದಿನ ಖರ್ಚನ್ನು ಸರ್ಕಾರ ವಹಿಸಿಕೊಂಡಿತ್ತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು, ಊರೂರಿಗೂ ಇಂಥ ಕಾಲೇಜು ಬೇಕು, ಅದು ಆ ಊರಿನ ಸಮುದಾಯದ್ದಾಗಿರಬೇಕು ಎಂದಿತು. ‘ಸಮುದಾಯ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. 1960ರ ದಶಕದಲ್ಲಂತೂ ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸ ಕಾಲೇಜುಗಳು ತೆರೆದವು. ಈಗ ಆ ದೇಶದಲ್ಲಿ ಅಂಥವು ಸಾವಿರಕ್ಕೂ ಹೆಚ್ಚಿವೆ. ನ್ಯೂಜರ್ಸಿ ಒಂದರಲ್ಲೇ 18. ಅಲ್ಲಿ ಅವನ್ನು ಕೌಂಟಿ ಕಾಲೇಜು ಎನ್ನುತ್ತಾರೆ. ಎಡಿಸನ್ ಊರಿನ ಮಿಡ್ಲ್‌ಸೆಕ್ಸ್ ಕಾಲೇಜು ನಿಂತಿರುವ ನೆಲ ಮೊದಲು ಸೈನ್ಯದ ಮದ್ದುಗುಂಡು ಶೇಖರಿಸುವ ಉಗ್ರಾಣವಾಗಿತ್ತು. ಅಕ್ಕ ಓದಿದ ಕಾಲೇಜಿನ ಹೆಸರನ್ನಾಗಲಿ ಅವಳ ಹೆಸರನ್ನಾಗಲಿ ಪತ್ರಿಕೆಯಲ್ಲಿ ಹಾಕಲು ನನಗೆ ಅಪ್ಪಣೆಯಿಲ್ಲ. ಆ ಹದಿನೆಂಟರಲ್ಲಿ ಒಂದು ಎಂದುಕೊಳ್ಳಿ.

ಈ ಕಾಲೇಜುಗಳ ಮುಖ್ಯ ಗುಣವೆಂದರೆ ಬಾಗಿಲು ತೆರೆದಿರುವುದು. ಶೇಕಡಾವಾರು ಅಂಕ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ಹೈಸ್ಕೂಲು ಮುಗಿಸದೆ ಬಿಟ್ಟವರಿಗೂ ಒಂದು ದಾರಿಯಿದೆ. 1942ರಲ್ಲಿ ಸೈನಿಕರಿಗಾಗಿ ಏರ್ಪಡಿಸಿದ ಸಮಾನತಾ ಪರೀಕ್ಷೆಯೊಂದು ಇಂದಿಗೂ ಎಲ್ಲರಿಗೂ ಇದೆ. ಗಣಿತ, ಭಾಷೆ, ವಿಜ್ಞಾನ, ಸಮಾಜ ಎಂದು ನಾಲ್ಕು ವಿಷಯ. ಅಕ್ಕ ಮೊದಲು ಅದಕ್ಕೆ ಕುಳಿತಳು. ಆಮೇಲೆ 2018ರಲ್ಲಿ ಕಾಲೇಜು ಸೇರಿದಳು. ಅಸೋಸಿಯೇಟ್ ಎಂಬ ಪದವಿಗೆ ಸುಮಾರು 60 ಕ್ರೆಡಿಟ್ಟು ಬೇಕು. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರು. ಹೊತ್ತು ಹೊತ್ತಿಗೆ ಓದುವವರಿಗೆ ಅದು ಎರಡು ವರ್ಷದ ವ್ಯಾಸಂಗ. ಅಕ್ಕ ಒಂದು ಅವಧಿಗೆ ಒಂದು, ಕೈಯಲ್ಲಿ ಹಣವೂ ಬಿಡುವೂ ಇದ್ದಾಗ ಎರಡು, ಹೀಗೆ ತೆಗೆದುಕೊಂಡು ಆರು ವರ್ಷದಲ್ಲಿ ಮುಗಿಸಿದಳು. ನಡುವೆ 2020ರಲ್ಲಿ ಮಹಾಮಾರಿ ಬಂದು ಶಿಶುವಿಹಾರ ಮುಚ್ಚಿತು, ಹೋಟೆಲು ಮುಚ್ಚಿತು, ಪಾಠವೆಲ್ಲ ಕಂಪ್ಯೂಟರಿಗೆ ಹೋಯಿತು. ಮನೆಯಲ್ಲಿದ್ದ ಒಂದೇ ಕಂಪ್ಯೂಟರಿನ ಮೇಲೆ ಹಗಲು ಮಗಳ ಹಕ್ಕು, ರಾತ್ರಿ ತಾಯಿಯದು. ಆ ವರ್ಷ ಬಿಟ್ಟುಬಿಡುವುದೆಂದೇ ನಿಶ್ಚಯಿಸಿದ್ದಳಂತೆ. ಯಾಕೆ ಬಿಡಲಿಲ್ಲವೆಂದು ಕೇಳಿದ್ದಕ್ಕೆ, ‘ಒಮ್ಮೆ ಬಿಟ್ಟು ನೋಡಿದ್ದೆನಲ್ಲ’ ಎಂದಳು.

ತೆರೆದ ಬಾಗಿಲಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪಚಾರವಾದೀತು. ಒಳಗೆ ಬಂದಷ್ಟೇ ಸುಲಭವಾಗಿ ಜನ ಹೊರಗೂ ಹೋಗುತ್ತಾರೆ. ಸೇರಿದವರಲ್ಲಿ ಮೂರು ವರ್ಷದೊಳಗೆ ಪದವಿ ಮುಗಿಸುವವರು ಅರ್ಧಕ್ಕಿಂತ ಬಹಳ ಕಡಿಮೆ. ಕಾರಿನ ದುರಸ್ತಿಗೆ ಹಣ ಹೋಯಿತು, ಪಾಳಿ ಬದಲಾಯಿತು, ತಾಯಿಗೆ ಕಾಯಿಲೆ, ಮಗು ಹುಟ್ಟಿತು, ಓದು ನಿಂತಿತು. ಕಾರಣಗಳನ್ನು ಕೇಳುತ್ತ ಹೋದರೆ ನಮ್ಮ ಚಾಳಿನವರ ಕಾರಣಗಳನ್ನೇ ಕೇಳಿದಂತಾಗುತ್ತದೆ. ಅಕ್ಕನೊಡನೆ ಮೊದಲ ಇಂಗ್ಲಿಷ್ ಪಾಠಕ್ಕೆ ಕುಳಿತಿದ್ದ ಹೆಂಗಸರಲ್ಲಿ ಕೊನೆಯವರೆಗೆ ಬಂದವಳು ಅವಳಿಗೆ ತಿಳಿದಂತೆ ಅವಳೊಬ್ಬಳೇ.

ನಮ್ಮ ದೇಶದಲ್ಲಿಯೂ ಈ ಹೆಸರಿನ ಕಾಲೇಜುಗಳಿಲ್ಲದಿಲ್ಲ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ, ಮರುವರ್ಷ ಚೆನ್ನೈಯಲ್ಲಿ ಕ್ರೈಸ್ತ ಸಂಸ್ಥೆಯವರು, ಹೀಗೆ ಆರಂಭವಾಗಿ, 2013ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದವರ ಯೋಜನೆಯೂ ಬಂತು. ಆದರೆ ಅವು ಬಹುಮಟ್ಟಿಗೆ ಕೈಕಸುಬಿನ ತರಬೇತಿಯವು. ಅರ್ಧಕ್ಕೆ ಬಿಟ್ಟ ಗೃಹಿಣಿಗೆ ಇಲ್ಲಿ ನಿಜವಾದ ಆಸರೆಯೆಂದರೆ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥವೇ. ನಮ್ಮ ಸಂಘದಲ್ಲಿಯೇ ಅದರ ಪುಸ್ತಕಗಳನ್ನು ಅಡಿಗೆಮನೆಯ ಕಪಾಟಿನಲ್ಲಿ ಇಟ್ಟುಕೊಂಡಿರುವ ತಾಯಂದಿರು ಇದ್ದಾರೆ.

ಸಮಾರಂಭದ ದಿನಕ್ಕೆ ಬರುತ್ತೇನೆ. ಮೇ ತಿಂಗಳ ನಡುವಿನ ಒಂದು ಮಧ್ಯಾಹ್ನ. ಕಾಲೇಜಿನ ಬಯಲಿನಲ್ಲಿ ಸಾಲುಸಾಲಾಗಿ ಮಡಿಸುವ ಕುರ್ಚಿಗಳು, ಎದುರಿಗೆ ವೇದಿಕೆ, ಸುತ್ತಲೂ ಹಲವು ದೇಶಗಳ ಬಾವುಟಗಳು. ಬಿಸಿಲು ನಮ್ಮ ಡಿಸೆಂಬರಿನದಷ್ಟೇ. ಆದರೂ ಅಲ್ಲಿಯವರು ಕಾಗದ ಬೀಸಿಕೊಳ್ಳುತ್ತಿದ್ದರು. ಭಾವ ಮಧ್ಯಾಹ್ನದ ಊಟದ ಗಿರಾಕಿಗಳನ್ನು ಮುಗಿಸಿ, ಅಂಗಿ ಬದಲಿಸಿ ಓಡಿ ಬಂದಿದ್ದರು. ಅವರ ಪಕ್ಕದಲ್ಲಿ ಕುಳಿತರೆ ಒಗ್ಗರಣೆಯ ವಾಸನೆ. ಹನ್ನೊಂದು ವರ್ಷದ ಸೊಸೆಯ ಕೈಯಲ್ಲಿ ಹೂವಿನ ಗೊಂಚಲು.

ವಾದ್ಯ ಆರಂಭವಾಯಿತು. ಎಡ್ವರ್ಡ್ ಎಲ್ಗಾರ್ ಎಂಬ ಇಂಗ್ಲಿಷ್ ಸಂಗೀತಗಾರರು 1901ರಲ್ಲಿ ರಚಿಸಿದ ನಡಿಗೆಯ ರಾಗ ಅದು. ಜೋಲಿಯೆಟ್ಟಿನಲ್ಲಿ ಆರು ಜನ ಪಾಠಕ್ಕೆ ಕುಳಿತ ವರ್ಷವೂ ಅದೇ! 1905ರಲ್ಲಿ ಯೇಲ್ ವಿಶ್ವವಿದ್ಯಾಲಯ ಎಲ್ಗಾರರಿಗೆ ಗೌರವ ಪದವಿ ಕೊಟ್ಟಾಗ ಅದನ್ನು ನುಡಿಸಿದರಂತೆ. ಅಂದಿನಿಂದ ಅಮೆರಿಕದ ಘಟಿಕೋತ್ಸವವೆಂದರೆ ಆ ರಾಗವೇ ಆಗಿಹೋಗಿದೆ, ನಮ್ಮಲ್ಲಿ ಮದುವೆಗೆ ನಾಗಸ್ವರ ಇದ್ದಂತೆ. ಅಧ್ಯಾಪಕರು ತಮ್ಮ ತಮ್ಮ ವಿಶ್ವವಿದ್ಯಾಲಯದ ಬಣ್ಣದ ಪಟ್ಟಿಗಳನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡು ಮುಂದೆ ನಡೆದರು. ಈ ವೇಷದಲ್ಲಿ ಯಾರಿಗೆ ಎಂಥ ತೋಳು, ಎಂಥ ಪಟ್ಟಿ ಎಂಬುದಕ್ಕೆ 1895ರಲ್ಲಿ ಅಲ್ಲಿಯ ಕಾಲೇಜುಗಳೆಲ್ಲ ಸೇರಿ ನಿಯಮಾವಳಿ ಮಾಡಿಕೊಂಡಿವೆ. ನಿಯಮಾವಳಿ ಎಂದ ಕೂಡಲೇ ನನಗೆ ಗೌರವ ಮೂಡುತ್ತದೆ. ಅದು ವೃತ್ತಿಯ ದೋಷ.

ಅವರ ಹಿಂದೆ ಪದವೀಧರರು. ನಮ್ಮ ಕಣ್ಣಿಗೆ ರೂಢಿಯಾದ ಘಟಿಕೋತ್ಸವದಲ್ಲಿ ಎಲ್ಲರೂ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ ಹುಡುಗಿಯರು. ಇಲ್ಲಿ ಹಾಗಲ್ಲ. ಒಬ್ಬಾಕೆ ನಿಲುವಂಗಿಯ ಮೇಲೆ ಕೂಸನ್ನು ಎತ್ತಿಕೊಂಡೇ ನಡೆದಳು. ಊರುಗೋಲಿನ ಮುದುಕರೊಬ್ಬರಿದ್ದರು, ತಾತನ ಘಟಿಕೋತ್ಸವಕ್ಕೆ ಮೊಮ್ಮಕ್ಕಳು ಬಂದು ಕೂಗುತ್ತಿದ್ದರು. ಚೌಕದ ಟೋಪಿಯ ಮೇಲ್ಭಾಗವನ್ನು ಅನೇಕರು ಚಿತ್ರ, ಬರಹಗಳಿಂದ ಸಿಂಗರಿಸಿದ್ದರು. ಹಲವು ಸ್ಪ್ಯಾನಿಷ್ ಭಾಷೆಯಲ್ಲಿದ್ದವು. ಸೊಸೆ ಶಾಲೆಯಲ್ಲಿ ಕಲಿತಷ್ಟರಿಂದ ನನಗೆ ಅರ್ಥ ಹೇಳಿದಳು. ಒಂದರ ಮೇಲೆ ‘ಅಮ್ಮ, ಇದು ನಿನ್ನದು’ ಎಂದು ಇತ್ತಂತೆ. ಅಕ್ಕನ ಟೋಪಿ ಎಲ್ಲಿದೆಯೆಂದು ಹುಡುಕಿದೆ. ಅದರ ಮೇಲೆ ಏನೂ ಇರಲಿಲ್ಲ. ಕೆಳಗೆ ಮಾತ್ರ, ಕಪ್ಪು ನಿಲುವಂಗಿಯ ಅಂಚಿನಿಂದ ಮೈಸೂರು ರೇಷ್ಮೆಯ ಹಸಿರು ನೆರಿಗೆ ನಾಲ್ಕು ಬೆರಳು ಕಾಣುತ್ತಿತ್ತು.

ಭಾಷಣಗಳ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಭಾಷಣಗಳು ಎಲ್ಲ ದೇಶಗಳಲ್ಲೂ ಭಾಷಣಗಳೇ. ಆದರೆ ಕಾಲೇಜಿನ ಅಧ್ಯಕ್ಷರು ನಡುವೆ ಒಂದು ಕೆಲಸ ಮಾಡಿದರು. ‘ನಿಮ್ಮಲ್ಲಿ ಮಕ್ಕಳನ್ನು ಸಾಕುತ್ತ ಓದಿದವರು ಎದ್ದು ನಿಲ್ಲಿ’ ಎಂದರು. ಅಲ್ಲೊಬ್ಬರು ಇಲ್ಲೊಬ್ಬರು ಎದ್ದರು. ‘ರಾತ್ರಿ ಪಾಳಿ ಮಾಡುತ್ತ ಓದಿದವರು’ ಎಂದರು. ಇನ್ನಷ್ಟು ಜನ ಎದ್ದರು. ‘ನಿಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವರಲ್ಲಿ ನೀವೇ ಮೊದಲಿಗರಾಗಿದ್ದರೆ ನಿಲ್ಲಿ’ ಎಂದಾಗ ಅರ್ಧ ಬಯಲೇ ಎದ್ದು ನಿಂತಂತಾಯಿತು. ಮೊದಲ ಕರೆಗೆ ಅಕ್ಕ ಎದ್ದಿದ್ದಳು. ಈ ಕೊನೆಯ ಕರೆಗೆ ಮಾತ್ರ ಅವಳು ಕುಳಿತೇ ಇದ್ದಳು. ಒಂದು ಕ್ಷಣ ನನಗೆ ಏಕೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಮ್ಮ ಮನೆತನದ ಮೊದಲಿಗ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ.

ಘಟಿಕೋತ್ಸವ ಎಂಬ ನಮ್ಮ ಮಾತಿನ ಬಗ್ಗೆ ಆಗ ಯೋಚನೆ ಬಂತು. ಪದವಿ ಕೊಡುವ ಸಭೆಗೆ ಈ ಹೆಸರನ್ನಿಟ್ಟ ಹಿರಿಯರು ಹಳೆಯ ಕಾಲದ ಘಟಿಕೆಗಳನ್ನು, ಅಂದರೆ ವಿದ್ಯಾಸ್ಥಾನಗಳನ್ನು, ನೆನೆದು ಇಟ್ಟರು. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ಬರೆದ ಶಾಸನದಲ್ಲಿ, ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ವೃತ್ತಾಂತವಿದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಹೊರಬಂದ. ಕದಂಬ ರಾಜ್ಯ ಹುಟ್ಟಿತು. ಓದು ಅಲ್ಲಿಗೇ ನಿಂತಿತು. ಹೀಗೆ ನೋಡಿದರೆ ಕನ್ನಡಿಗರ ಚರಿತ್ರೆಯೇ ಓದನ್ನು ಅರ್ಧಕ್ಕೆ ಬಿಟ್ಟವನೊಬ್ಬನಿಂದ ಆರಂಭವಾಗುತ್ತದೆ. ಈ ತಮಾಷೆಯನ್ನು ಭಾವನಿಗೆ ಹೇಳಹೋದೆ. ಅವರು ‘ಶ್’ ಎಂದರು. ಹೆಸರು ಕರೆಯಲು ಆರಂಭಿಸಿದ್ದರು.

ಆ ದೇಶದ ಘಟಿಕೋತ್ಸವದ ಜೀವ ಈ ಹೆಸರು ಕರೆಯುವುದರಲ್ಲಿದೆ. ನಮ್ಮ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕದವರನ್ನೂ ಡಾಕ್ಟರೇಟಿನವರನ್ನೂ ಕರೆದು, ಉಳಿದವರನ್ನು ಒಟ್ಟಾಗಿ ‘ಪದವೀಧರರಾಗಿದ್ದೀರಿ’ ಎಂದು ಸಾರಿ ಮುಗಿಸುವುದುಂಟು. ಇಲ್ಲಿ ಒಬ್ಬೊಬ್ಬರನ್ನೂ ಕರೆದರು. ‘ಪ್ರತಿಯೊಬ್ಬರ ಹೆಸರೂ ಕೇಳಿಸಬೇಕು, ಆದುದರಿಂದ ಚಪ್ಪಾಳೆಯನ್ನು ಕೊನೆಯವರೆಗೆ ತಡೆದಿಟ್ಟುಕೊಳ್ಳಿ’ ಎಂದು ಮೊದಲೇ ವಿನಂತಿಸಿದ್ದರು. ಯಾರೂ ಪಾಲಿಸಲಿಲ್ಲ. ಸುತ್ತೋಲೆಗಳ ಗತಿ ಎಲ್ಲೆಲ್ಲೂ ಒಂದೇ. ಒಂದೊಂದು ಹೆಸರಿಗೆ ಬಯಲಿನ ಒಂದೊಂದು ಮೂಲೆಯಿಂದ ಕೂಗು, ಸೀಟಿ, ತುತ್ತೂರಿ. ಇನ್ನೊಂದು ಹೆಸರಿಗೆ ಒಬ್ಬನೇ ಒಬ್ಬ ಮನುಷ್ಯನ ಚಪ್ಪಾಳೆ. ಆ ಒಂಟಿ ಚಪ್ಪಾಳೆ ಕೇಳಿದ ಕೂಡಲೇ ಅಕ್ಕಪಕ್ಕದ ಅಪರಿಚಿತರೂ ಕೈ ಸೇರಿಸುತ್ತಿದ್ದರು.

ಹೆಸರು ಕರೆಯುವವರು ಅಲ್ಲಿನ ಅಧ್ಯಾಪಕರೊಬ್ಬರು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಹೆಸರನ್ನೂ ಅದನ್ನು ಉಚ್ಚರಿಸುವ ಬಗೆಯನ್ನೂ ಬರೆದು ಅವರ ಕೈಗೆ ಕೊಡಬೇಕು. ಅಕ್ಕನದು ಮೂರಕ್ಷರದ ಹೆಸರು, ಅದರಲ್ಲಿ ಒಂದು ‘ಳ’. ಈ ‘ಳ’ಕಾರ ಇಂಗ್ಲಿಷಿನ ಯಾವ ಅಕ್ಷರದಲ್ಲಿಯೂ ಕೂರುವುದಿಲ್ಲ. ಹಿಂದಿನ ದಿನ ರಾತ್ರಿ ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು, ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದಳು. ನಾನು, ‘ಲ ಎಂದರೂ ನಡೆಯುತ್ತೆ ಬಿಡು’ ಎಂದಿದ್ದೆ. ಅವಳು ಬಿಟ್ಟಿರಲಿಲ್ಲ. ಸಾಲಿನಲ್ಲಿ ನಿಂತಿದ್ದಾಗ ಆ ಅಧ್ಯಾಪಕರನ್ನು ನಿಲ್ಲಿಸಿ ಬಾಯಿಪಾಠವನ್ನೇ ಮಾಡಿಸಿದಳೆಂದು ಆಮೇಲೆ ತಿಳಿಯಿತು. ಪಾಪ, ಅವರು ನಾಲಿಗೆಯನ್ನು ಮಡಿಸಿ ಮೂರು ಸಾರಿ ಪ್ರಯತ್ನಿಸಿದರಂತೆ.

ಅವಳ ಸರದಿ ಬಂತು. ಧ್ವನಿವರ್ಧಕದಲ್ಲಿ ಅವಳ ಹೆಸರು ಕೇಳಿಸಿತು. ‘ಲ’ವೂ ಅಲ್ಲ, ‘ಳ’ವೂ ಅಲ್ಲ, ಎರಡರ ನಡುವೆ ಎಲ್ಲಿಯೋ, ಆದರೆ ಆ ಮನುಷ್ಯ ಒಂದು ಕ್ಷಣ ನಿಂತು, ಎತ್ತರದ ಮೆಟ್ಟಿಲು ಹತ್ತುವವರಂತೆ ಅದನ್ನು ಹತ್ತಿದರು. ಅಲ್ಲಿಗೆ ಅವಳ ಹೆಸರಾಯಿತು, ಇನ್ನು ಭಾವನ ಮನೆತನದ ಹೆಸರು ಬರಬೇಕು ಎಂದು ನಾನು ಕಾದೆ. ಅದಕ್ಕೆ ಮೊದಲು ಇನ್ನೊಂದು ಹೆಸರು ಬಂತು. ಅಪ್ಪನ ಹೆಸರು.

ಮುಂಬಯಿಯ ಯಾವ ಅರ್ಜಿಯಲ್ಲಾದರೂ ನಡುವಿನ ಅಂಕಣ ಹೆಣ್ಣುಮಕ್ಕಳಿಗೆ ಮದುವೆಗೆ ಮೊದಲು ತಂದೆಯ ಹೆಸರಿಗೆ, ಆಮೇಲೆ ಗಂಡನ ಹೆಸರಿಗೆ. ಅಕ್ಕನ ಪಾಸ್‌ಪೋರ್ಟಿನಲ್ಲಿಯೂ ಹಾಗೆಯೇ. ಚೀಟಿಯಲ್ಲಿ ಮಾತ್ರ ಅವಳು ಅಪ್ಪನ ಹೆಸರನ್ನು ಬರೆದಿದ್ದಳು. 2016ರಲ್ಲಿ ತೀರಿಕೊಂಡ ಅಪ್ಪ; ಪೇಪರಿನಲ್ಲಿ ನಂಬರು ನೋಡಿ ಸಂಜೆಯ ಪಾಳಿಗೆ ಹೋದ ಅಪ್ಪ. ಅವರ ಹೆಸರನ್ನು ನಾನು ಧ್ವನಿವರ್ಧಕದಲ್ಲಿ ಕೇಳಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ, ಪಡಿತರದ ಅಂಗಡಿಯಲ್ಲಿ ಕೂಗಿದ್ದನ್ನು ಕೇಳಿದ್ದೆ.

ಸೊಸೆ ‘ಅಮ್ಮಾ’ ಎಂದು ಕಿರುಚಿದಳು. ಮನೆಯಲ್ಲಿ ಧ್ವನಿಯೆತ್ತಿ ಮಾತಾಡದ ಭಾವ ಎರಡು ಬೆರಳನ್ನು ಬಾಯಿಗಿಟ್ಟು ಸೀಟಿ ಹೊಡೆದರು. ನಾನೂ ಕೂಗಬೇಕೆಂದು ಎದ್ದು ನಿಂತೆ. ಗಂಟಲು ಹೊರಡಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ಕೈಕುಲುಕಿ, ಕೆಂಪು ರಟ್ಟಿನ ಕವಚವೊಂದನ್ನು ಕೊಟ್ಟು, ಮುಂದಿನವರನ್ನು ಕರೆದಾಗಿತ್ತು. ಬಹಳವಾದರೆ ಹತ್ತು ಸೆಕೆಂಡು.

ಎಲ್ಲರ ಹೆಸರೂ ಮುಗಿದ ಮೇಲೆ ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ತಿರುಗಿಸಿಕೊಳ್ಳಲು ಹೇಳಿದರು, ಅಲ್ಲಿಗೆ ಪದವೀಧರರಾದಂತೆ. ಹುಡುಗರು ಟೋಪಿಗಳನ್ನು ಮೇಲಕ್ಕೆ ಎಸೆದರು. ಅಕ್ಕ ಎಸೆಯಲಿಲ್ಲ, ಹಣ ಕೊಟ್ಟು ತಂದದ್ದು.

ಮನೆಗೆ ಬಂದು ಆ ಕೆಂಪು ಕವಚವನ್ನು ಆತುರದಿಂದ ಬಿಡಿಸಿದೆ. ಒಳಗೆ ಏನೂ ಇಲ್ಲ! ಒಂದು ಅಭಿನಂದನೆಯ ಕಾಗದ ಮಾತ್ರ. ನನ್ನ ಮುಖ ನೋಡಿ ಅಕ್ಕ ನಕ್ಕಳು. ಕೊನೆಯ ಪರೀಕ್ಷೆಗಳ ಅಂಕಗಳೆಲ್ಲ ಬಂದು, ಕ್ರೆಡಿಟ್ಟುಗಳನ್ನು ಎಣಿಸಿ, ಎಲ್ಲವೂ ಸರಿಯೆಂದು ಕಚೇರಿಯವರು ರುಜು ಹಾಕಿದ ಮೇಲೆ ನಿಜವಾದ ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದಂತೆ. ಎಲ್ಲರಿಗೂ ಅಲ್ಲಿ ಹಾಗೆಯೇ. ಕಡತ ಪೂರ್ಣವಾಗದೆ ಆದೇಶವಿಲ್ಲ. ಗುಮಾಸ್ತನಾಗಿ ನಾನು ಇದನ್ನು ಮೆಚ್ಚಿದೆ.

ಆ ರಾತ್ರಿ ಭಾವ ಮತ್ತೆ ಹೋಟೆಲಿಗೆ ಹೋದರು. ಅಕ್ಕ ರೇಷ್ಮೆ ಸೀರೆಯನ್ನು ಮ್ಯಾಕ್ಸಿಗೆ ಬದಲಿಸಿ ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸಿಡುತ್ತಿದ್ದೆ. ಬಹಳ ಹೊತ್ತಿನಿಂದ ನಾಲಿಗೆಯ ಮೇಲಿದ್ದ ಮಾತನ್ನು ತೆಗೆದೆ: ‘ಆವತ್ತು ಫೋನಿನಲ್ಲಿ ನಾನು...’

‘ಯಾವತ್ತು?’ ಎಂದಳು, ನಲ್ಲಿಯನ್ನು ಜೋರಾಗಿ ಬಿಟ್ಟು.

ಯಾವತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು, ‘ಇದು ಒರೆಸಿದ್ದೋ? ನೀರು ಹಾಗೇ ಉಂಟಲ್ಲ’ ಎಂದು ವಾಪಸು ಕೊಟ್ಟಳು.

ಜುಲೈ ತಿಂಗಳಿನಲ್ಲಿ ಪ್ರಮಾಣಪತ್ರ ಬಂದಿತೆಂದು ಅದರ ಚಿತ್ರವನ್ನು ಕಳಿಸಿದಳು. ಅದರಲ್ಲಿ ಅಪ್ಪನ ಹೆಸರಿಲ್ಲ. ದಾಖಲೆಯಲ್ಲಿ ಪಾಸ್‌ಪೋರ್ಟಿನ ಹೆಸರೇ ಇರತಕ್ಕದ್ದು, ಅದು ಕ್ರಮ. ಅಮ್ಮ ಅದನ್ನು ಅಚ್ಚು ಹಾಕಿಸಿಕೊಂಡು ಬಾ ಎಂದು ನನ್ನನ್ನು ಅಂಗಡಿಗೆ ಅಟ್ಟಿದರು. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸಿ ತಂದೆ. ಪೆಟ್ಟಿಗೆಯಲ್ಲಿ ಈಗ ನನ್ನದರ ಮೇಲೆ ಅವಳದಿದೆ.

ಅಕ್ಕ ಆ 60 ಕ್ರೆಡಿಟ್ಟುಗಳನ್ನು ಒಯ್ದು ಅಲ್ಲಿನ ನಾಲ್ಕು ವರ್ಷದ ಕಾಲೇಜಿಗೆ ಸೇರಿದ್ದಾಳೆ. ಅದೇ ಹಳೆಯ ಲೆಕ್ಕ, ಅವಧಿಗೆ ಒಂದು ವಿಷಯ. ಮೊನ್ನೆ ಫೋನು ಮಾಡಿ, ಸಂಖ್ಯಾಶಾಸ್ತ್ರದಲ್ಲಿ ಏನೋ ತಿಳಿಯುತ್ತಿಲ್ಲ, ನೀನು ಬಿ.ಎ.ಯಲ್ಲಿ ಓದಿದ್ದೀಯಲ್ಲ, ಹೇಳಿಕೊಡು ಎಂದಳು. ಓದಿದ್ದೇನೋ ನಿಜ. ಒಂದು ವಾರ ಅವಕಾಶ ಕೇಳಿದ್ದೇನೆ.